ಕಲ್ಲಿನ ದ್ವೀಪವೂ ರಜೆಯ ಜನವೂ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿದ್ದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಮುಂಬಯಿ, ಬೆಂಗಳೂರುಗಳಿಂದ ಮಕ್ಕಳು, ಮೊಮ್ಮಕ್ಕಳು ಊರಿಗೆ ಬಂದಿರುತ್ತಾರೆ. ಮದುವೆ, ನೇಮ, ಗೃಹಪ್ರವೇಶಗಳ ನಡುವೆ ಒಂದು ದಿನದ ಬಿಡುವು ಸಿಗುತ್ತದೆ. ವಾಹನ ಗೊತ್ತುಮಾಡಿ ಎಲ್ಲಿಗೆ ಹೋಗುವುದು? ಧರ್ಮಸ್ಥಳ, ವೇಣೂರು, ಸಾವಿರ ಕಂಬದ ಬಸದಿ, ಕಾರ್ಕಳ, ಉಡುಪಿಯ ಮಠ ಎಂಬ ಹಳೆಯ ದಾರಿ ಇದ್ದೇ ಇದೆ. ಈಗ ಆ ದಾರಿ ಉಡುಪಿಯಲ್ಲಿ ನಿಲ್ಲದೆ ಮಲ್ಪೆಗೆ ಮುಂದುವರಿದು, ಅಲ್ಲಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಮುಟ್ಟುತ್ತದೆ. ಮಕ್ಕಳ ಪಾಲಿಗಂತೂ ಇಡೀ ಪ್ರವಾಸದ ಸಾರ್ಥಕತೆ ಇರುವುದೇ ಆ ಕೊನೆಯ ಭಾಗದಲ್ಲಿ.

ದ್ವೀಪದ ಮೋಹ ದೇಶದಾದ್ಯಂತ ಹೆಚ್ಚಿರುವ ಕಾಲವಿದು. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಭೇಟಿ ಕೊಟ್ಟ ಮೇಲೆ, ಮಾಲ್ದೀವ್ಸ್ ಬೇಡ, ನಮ್ಮದೇ ದ್ವೀಪ ಸಾಕು ಎಂಬ ಮಾತು ಮನೆಮನೆಯಲ್ಲಿ ಕೇಳಿಬಂತು. ಈ ಉತ್ಸಾಹದಲ್ಲಿ ನಮ್ಮ ಜಿಲ್ಲೆಯವರು ಮರೆತಿರುವ ಒಂದು ಸಂಗತಿಯನ್ನು ಇಲ್ಲಿ ನೆನಪಿಸುವುದು ಉಚಿತ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾಗಳನ್ನು ಒಳಗೊಂಡ ಅಮಿನ್‌ದೀವಿ ದ್ವೀಪಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದ ಜನ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ಬಂಟ್ವಾಳದ ರೈತನೂ ಕಡಮತ್‌ನ ನಾವಿಕನೂ ಒಬ್ಬನೇ ಕಲೆಕ್ಟರನ ಆಡಳಿತದಲ್ಲಿದ್ದ ಕಾಲವದು. ಅಂದಿನ ನಂಟು ಕೊಡುಕೊಳ್ಳುವಿಕೆಯದು. ಇಂದಿನದು ಪ್ರವಾಸದ್ದು, ಹೋಗುವವರು ನಾವು, ಭಾರ ಹೊರುವುದು ದ್ವೀಪ.

ಲಕ್ಷದ್ವೀಪದ 36 ದ್ವೀಪಗಳ ಒಟ್ಟು ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಜನವಸತಿ ಇರುವುದು ಹತ್ತರಲ್ಲಿ. ಹವಳದ ಮರಳಿನಡಿ ತೆಳುವಾದ ಪದರವಾಗಿ ನಿಂತಿರುವ ಸಿಹಿನೀರೇ ಅಲ್ಲಿಯ ಬಾವಿಗಳ ಆಧಾರ. ಅಲ್ಲಿಗೆ ಹೋಗಲು ಪರವಾನಗಿ ಬೇಕೆಂಬ ನಿಯಮ ಹಲವರಿಗೆ ಕಿರಿಕಿರಿ ಎನಿಸಬಹುದು. ಆದರೆ ಸಣ್ಣ ದ್ವೀಪವೊಂದಕ್ಕೆ ತಾಳಿಕೆಯ ಮಿತಿ ಇದೆ ಎಂಬ ತಿಳಿವಳಿಕೆಯಾದರೂ ಆ ನಿಯಮದಲ್ಲಿದೆ. ಮಲ್ಪೆಯ ದ್ವೀಪದ ವಿಷಯದಲ್ಲಿ ನಾವು ಕೇಳದೆ ಬಿಟ್ಟಿರುವ ಪ್ರಶ್ನೆ ಇದೇ. ಅದು ಎಷ್ಟು ಜನರನ್ನು ತಾಳಬಲ್ಲದು? ಅಲ್ಲಿಗೆ ಹೋದ ಕುಟುಂಬ ಏನನ್ನು ನೋಡಿ ಬರಬೇಕು?

ಎರಡನೆಯ ಪ್ರಶ್ನೆಯಿಂದಲೇ ಆರಂಭಿಸೋಣ. ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿರುವ, ಸ್ಥಳೀಯರು ತೋನ್ಸೆಪಾರ್ ಎಂದು ಕರೆಯುವ ಈ ದ್ವೀಪ ಸಮೂಹದಲ್ಲಿ ಜನವಸತಿಯಿಲ್ಲ. ವಾಸ್ಕೊ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಈ ಹೆಸರಿಟ್ಟನೆಂಬ ಪ್ರತೀತಿ ಉಂಟು. ಅವನ ಕತೆಗಿಂತ ಬಹಳ ಹಳೆಯದು ಇಲ್ಲಿಯ ಕಲ್ಲಿನ ಕತೆ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲಿ, ಭೂಗರ್ಭದಿಂದ ಉಕ್ಕಿದ ಲಾವಾ ತಣಿದು ಈ ಶಿಲೆಗಳಾದವು. ದಖನ್ ಪ್ರಸ್ಥಭೂಮಿಯ ಕಪ್ಪುಶಿಲೆಗಿಂತ ಇವು ಹಳೆಯವು. ತಣಿಯುವ ಲಾವಾ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಆ ಬಿರುಕು ಮೇಲ್ಮೈಯಿಂದ ಒಳಕ್ಕಿಳಿಯುತ್ತಾ ಹೋದಂತೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ರೂಪುಗೊಳ್ಳುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಇದೇ ಗೌರವವಿದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ ನಿರ್ಮಾಣವಾದದ್ದು 1430ರಲ್ಲಿ. ಅಲ್ಲಿಗೆ ಹೋದ ಕುಟುಂಬ ಚಪ್ಪಲಿ ಕಳಚಿ ಒಳಹೋಗುತ್ತದೆ, ಮಾತು ತಗ್ಗುತ್ತದೆ. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಯಾರಾದರೂ ಹೇಳುತ್ತಾರೆ. ಮಕ್ಕಳು ಕಂಬದಿಂದ ಕಂಬಕ್ಕೆ ಹೋಗಿ ಹೌದೇ ಎಂದು ಪರೀಕ್ಷಿಸುತ್ತಾರೆ. ಇದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅದೇ ಮಕ್ಕಳು ಅದೇ ದಿನ ಮಧ್ಯಾಹ್ನ ದ್ವೀಪದಲ್ಲಿ ಇನ್ನೂ ಸಾವಿರಾರು ಕಂಬಗಳ ಮೇಲೆ ನಿಂತಿರುತ್ತಾರೆ. ಅಲ್ಲಿಯೂ ಒಂದರಂತೆ ಇನ್ನೊಂದಿಲ್ಲ. ಆದರೆ ಅದನ್ನು ಹೇಳುವವರು ಸಿಗುವುದು ಅಪರೂಪ. ಸ್ಮಾರಕವೆಂದು ಸಾರುವ ಫಲಕದ ಮುಂದೆ ಹೆಚ್ಚಿನವರು ನಿಲ್ಲುವುದು ಚಿತ್ರ ತೆಗೆಸಿಕೊಳ್ಳುವುದಕ್ಕೆ. ಮನುಷ್ಯ ಕಡೆದ ಕಂಬಕ್ಕೆ ನಾವು ಕೊಡುವ ಗೌರವ ಭೂಮಿ ಎರಕ ಹೊಯ್ದ ಕಂಬಕ್ಕೆ ಸಿಗದಿರುವುದಕ್ಕೆ ಕಾರಣ ಜನರ ಅಸಡ್ಡೆಯೊಂದೇ ಅಲ್ಲ, ಅದನ್ನು ಪರಿಚಯಿಸುವ ವ್ಯವಸ್ಥೆ ದುರ್ಬಲವಾಗಿರುವುದು.

ನಮ್ಮ ಪ್ರವಾಸೋದ್ಯಮದ ಗಮನ ಬೇರೆಡೆ ಇದೆ. 2016ರಲ್ಲಿ ಮಲ್ಪೆ ದೇಶದಲ್ಲೇ ಮೊದಲ ಉಚಿತ ವೈಫೈ ಕಡಲತೀರವೆಂದು ಸುದ್ದಿಯಾಯಿತು. 2022ರ ಮೇ ತಿಂಗಳ ಮೊದಲ ವಾರದಲ್ಲಿ ಅಲ್ಲಿ ತೇಲುವ ಸೇತುವೆಯೊಂದು ಉದ್ಘಾಟನೆಗೊಂಡು, ಎರಡು ಮೂರು ದಿನಗಳಲ್ಲೇ ಅಲೆಗಳ ಹೊಡೆತಕ್ಕೆ ಹಾನಿಗೀಡಾಯಿತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದ್ದ, ಮುಂಗಾರು ಬಾಗಿಲಲ್ಲಿದ್ದ ಹೊತ್ತು ಅದು. ಮಕ್ಕಳಿಗೆ ಆಟ ಬೇಡವೆಂದು ನಾನು ಹೇಳುತ್ತಿಲ್ಲ. ಮಲ್ಪೆಯ ಕಡಲತೀರ ವಿಶಾಲವಾಗಿದೆ, ಆಟಗಳಿಗೆ ಅಲ್ಲಿ ಜಾಗವಿದೆ. ಅದೇ ಮಾದರಿಯನ್ನು ಕೆಲವೇ ನೂರು ಮೀಟರ್ ಉದ್ದದ ಕಲ್ಲಿನ ದ್ವೀಪಕ್ಕೆ ಒಯ್ಯುವುದು ತರವಲ್ಲ ಎಂಬುದಷ್ಟೇ ನನ್ನ ವಾದ.

ಇದಕ್ಕಿಂತ ತುರ್ತಾದದ್ದು ಜೀವದ ಪ್ರಶ್ನೆ. 2022ರ ಏಪ್ರಿಲ್‌ನಲ್ಲಿ ಕೇರಳದ ಎಂಜಿನಿಯರಿಂಗ್ ಕಾಲೇಜೊಂದರಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ನಮ್ಮ ಮೂರು ತಾಲ್ಲೂಕುಗಳ ಜನ ಇದನ್ನು ಬೇರೆ ಊರಿನವರ ದುರಂತವೆಂದು ತಳ್ಳಿಹಾಕುವಂತಿಲ್ಲ. ನಾವು ಕರಾವಳಿ ಜಿಲ್ಲೆಯವರು ಎಂಬುದೇನೋ ನಿಜ, ಆದರೆ ಕಡಲಿನ ಜನರಲ್ಲ, ಹೊಳೆಯ ಜನ. ನಮ್ಮ ಹುಡುಗರು ಈಜು ಕಲಿಯುವುದು ನೇತ್ರಾವತಿಯಲ್ಲಿ, ಫಲ್ಗುಣಿಯಲ್ಲಿ, ತೋಟದ ಕೆರೆಗಳಲ್ಲಿ. ಹೊಳೆಯ ಗುಂಡಿ, ಸುಳಿಗಳು ಅವರಿಗೆ ಗೊತ್ತು. ಅಲೆ ಹಿಂಜರಿಯುವಾಗ ಕಾಲಡಿಯ ನೆಲವನ್ನೇ ಎಳೆದುಕೊಳ್ಳುವ ಬಗೆ ಗೊತ್ತಿಲ್ಲ. ಪಾಚಿ ಹಿಡಿದ ಬಂಡೆಯ ಮೇಲೆ ನಿಂತಾಗ ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಬರಬಹುದೆಂಬ ಅಂದಾಜಿಲ್ಲ. ಹೊಳೆಯಲ್ಲಿ ಈಜಬಲ್ಲೆನೆಂಬ ಧೈರ್ಯವೇ ಕಡಲಿನಲ್ಲಿ ಅಪಾಯಕ್ಕೆ ದಾರಿ. ಶಾಲೆಗಳ ರಜೆಯ ಉತ್ತರಾರ್ಧವೂ ಕಡಲು ಒರಟಾಗತೊಡಗುವ ಕಾಲವೂ ಮೇ ತಿಂಗಳಲ್ಲಿ ಒಂದಾಗುತ್ತವೆ. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ ಸರಿ. ಆದರೆ ಅದಕ್ಕೆ ಮುಂಚಿನ ವಾರಗಳಲ್ಲೇ ಜನ ಹೆಚ್ಚು, ಎಚ್ಚರವೂ ಹೆಚ್ಚಬೇಕಾದದ್ದು ಆಗಲೇ.

ಮಿತಿ ಹೇರಿದರೆ ದೋಣಿಯವರ, ಅಂಗಡಿಯವರ ಹೊಟ್ಟೆಪಾಡಿನ ಗತಿಯೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮಲ್ಪೆಯ ಜನರಿಗೆ ಮೀನುಗಾರಿಕೆ ಬಿಟ್ಟರೆ ಪ್ರವಾಸಿಗರಿಂದ ಬರುವ ಆದಾಯ ಗಣನೀಯವಾದದ್ದು. ಆದರೆ ಮಿತಿಯಿಲ್ಲದ ದ್ವೀಪ ಉಳಿಸುವ ಆದಾಯ ಎಷ್ಟು ಕಾಲದ್ದು ಎಂಬುದಕ್ಕೆ ಹೊರದೇಶಗಳ ಉದಾಹರಣೆ ಕಣ್ಣಮುಂದಿದೆ. ಫಿಲಿಪ್ಪೀನ್ಸ್‌ನ ಬೊರಾಕೆ ದ್ವೀಪದ ಕಡಲಿಗೆ ಕೊಳಚೆ ಹರಿದು, 2018ರಲ್ಲಿ ಅಲ್ಲಿಯ ಸರ್ಕಾರ ಆರು ತಿಂಗಳು ಇಡೀ ದ್ವೀಪವನ್ನೇ ಮುಚ್ಚಿತು. ತೆರೆಯುವಾಗ ಪ್ರವಾಸಿಗರ ಸಂಖ್ಯೆಗೆ ಕಟ್ಟುನಿಟ್ಟಿನ ಮಿತಿ ಹಾಕಿತು. ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು ಅದೇ ವರ್ಷ ಮುಚ್ಚಲಾಯಿತು; ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಆ ವರ್ಷಗಳಲ್ಲಿ ದೋಣಿಯವರಿಗೆ ಸಿಕ್ಕಿದ್ದೇನು? ಮೊದಲೇ ಮಿತಿ ಹಾಕಿಕೊಂಡಿದ್ದರೆ ಬಾಗಿಲು ಹಾಕುವ ಪ್ರಮೇಯ ಬರುತ್ತಿರಲಿಲ್ಲ.

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿಯೂ ಇಂಥವೇ ಲಾವಾ ಕಂಬಗಳಿವೆ, ಸುಮಾರು 40,000. 1986ರಿಂದ ಅದು ವಿಶ್ವ ಪರಂಪರೆಯ ತಾಣ. ಪ್ರವಾಸಿಗರು ಪ್ರೀತಿಯಿಂದ ಬಿರುಕುಗಳಲ್ಲಿ ಸಿಕ್ಕಿಸಿದ ನಾಣ್ಯಗಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತಿವೆಯೆಂದು 2025ರಲ್ಲಿ ಅಲ್ಲಿಯ ಪಾಲಕ ಸಂಸ್ಥೆ ಜನರಿಗೆ ಮನವಿ ಮಾಡಬೇಕಾಯಿತು. ಕೋಟ್ಯಂತರ ವರ್ಷ ಕಡಲನ್ನು ಎದುರಿಸಿ ನಿಂತ ಕಲ್ಲಿಗೆ ಒಂದು ಪುಟ್ಟ ನಾಣ್ಯ ಸಾಕು. ನಮ್ಮಲ್ಲಿ ಹೆಸರು ಕೆತ್ತುವ, ಬಾಟಲಿ ಎಸೆಯುವ, ಚೀಲ ತುಂಬ ಚಿಪ್ಪು ಒಯ್ಯುವ ಅಭ್ಯಾಸಗಳು ಇದಕ್ಕಿಂತ ನಿರಪಾಯಕಾರಿಯೇನಲ್ಲ.

ಜನಸಂದಣಿಯನ್ನು ಸಂಭಾಳಿಸಲು ನಮಗೆ ಬಾರದು ಎನ್ನುವಂತೆಯೂ ಇಲ್ಲ. ವೇಣೂರಿನಲ್ಲಿ 1604ರಿಂದ ನಿಂತಿರುವ ಬಾಹುಬಲಿಗೆ 2024ರ ಫೆಬ್ರುವರಿ-ಮಾರ್ಚ್‌ನಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಆ ಸಣ್ಣ ಊರು ದಿನಗಟ್ಟಲೆ ಜನಸಾಗರವನ್ನು ಬರಮಾಡಿಕೊಂಡಿತು. ಪಡುಬಿದ್ರಿಯ ಕಡಲತೀರ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದದ್ದು ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯಗಳಂಥ ಮಾನದಂಡಗಳನ್ನು ಪಾಲಿಸಿದ್ದರಿಂದ. ಮನಸ್ಸು ಮಾಡಿದಲ್ಲಿ ಆಗುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಆಗಬೇಕಾದದ್ದು ದುಬಾರಿಯದೂ ಅಲ್ಲ, ಅಸಾಧ್ಯವಾದದ್ದೂ ಅಲ್ಲ. ದ್ವೀಪದಲ್ಲಿ ಒಮ್ಮೆಗೆ ಎಷ್ಟು ಜನ ಇರಬಹುದೆಂಬುದನ್ನು ತಜ್ಞರಿಂದ ನಿರ್ಧರಿಸಿ, ದೋಣಿಯ ಟಿಕೆಟನ್ನು ಆ ಲೆಕ್ಕಕ್ಕೆ ಕಟ್ಟಬೇಕು. ಮಲ್ಪೆಯ ಮೀನುಗಾರ ಕುಟುಂಬಗಳ ಯುವಕ, ಯುವತಿಯರಿಗೆ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ, ಜೀವರಕ್ಷಕರನ್ನಾಗಿ ನೇಮಿಸಬೇಕು. ಅಲೆಯ ಭಾಷೆ ಅವರಷ್ಟು ಬಲ್ಲವರಿಲ್ಲ. ದೋಣಿ ಹೊರಡುವ ಮೊದಲು ಐದು ನಿಮಿಷ ಕನ್ನಡ, ತುಳುಗಳಲ್ಲಿ ಕಲ್ಲಿನ ಕತೆಯನ್ನೂ ಕಡಲಿನ ಎಚ್ಚರಿಕೆಯನ್ನೂ ಹೇಳಬೇಕು. ನೆರಳು, ಕುಡಿಯುವ ನೀರು, ಶೌಚಾಲಯಗಳಾಚೆಗೆ ದ್ವೀಪದಲ್ಲಿ ಹೊಸ ಕಟ್ಟಡ ಬೇಡ. ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳ ಸಂರಕ್ಷಣೆಗಾಗಿ 2022ರ ಡಿಸೆಂಬರ್‌ನಲ್ಲಿ ಮಸೂದೆಯೊಂದರ ಕರಡನ್ನು ಪ್ರಕಟಿಸಿತ್ತು. ಸ್ಮಾರಕವೆಂಬ ಬಿರುದಿಗೂ ಕಾನೂನಿನ ರಕ್ಷಣೆಗೂ ಅಂತರವಿದೆ ಎಂಬುದನ್ನು ಆ ಕರಡೇ ಒಪ್ಪಿಕೊಂಡಂತಾಯಿತು. ನಮ್ಮ ಭಾಗದ ಸಂಸದರು, ಶಾಸಕರು ಇದರ ಬೆನ್ನು ಹತ್ತುವುದು ಸೂಕ್ತ.

ನಮ್ಮ ಶಾಲೆಗಳೂ ಒಂದು ಕೆಲಸ ಮಾಡಬಹುದು. ಪ್ರತಿವರ್ಷ ಪ್ರವಾಸ ಹೊರಡಿಸುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳು ಹೊರಡುವ ಹಿಂದಿನ ದಿನ ತರಗತಿಯಲ್ಲಿ ಒಂದು ಗಂಟೆಯನ್ನು ಈ ದ್ವೀಪಕ್ಕೆ ಮೀಸಲಿಡಲಿ. ಮಡಗಾಸ್ಕರ್ ಭೂಪಟದಲ್ಲಿ ಎಲ್ಲಿದೆ, ಅದು ನಮ್ಮಿಂದ ಬೇರ್ಪಟ್ಟ ಗುರುತು ನಮ್ಮೂರಿನಿಂದ ಎರಡು ಮೂರು ಗಂಟೆಯ ದಾರಿಯಲ್ಲಿ ಹೇಗೆ ಉಳಿದಿದೆ ಎಂದು ತಿಳಿದು ಹೋದ ಮಗು ಆ ಕಲ್ಲಿನ ಮೇಲೆ ಹೆಸರು ಕೆತ್ತಲಾರದು. ಬಂಡೆಯ ಅಂಚಿಗೆ ಹೋಗಬೇಡವೆಂದು ಅಪ್ಪನಿಗೂ ಅದು ಹೇಳೀತು.