ಅಂಗಡಿಯ ನಾಮಫಲಕ

ಯಲಹಂಕದ ಹಳೆಯ ಪೇಟೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ವರ್ಷಗಳ ಹಿಂದೆ ಹೊಲಿಗೆಯಂಗಡಿಯೊಂದನ್ನು ತೆರೆದರು. ಫಲಕಕ್ಕೆ ಹೆಸರೊಂದನ್ನು ಸೂಚಿಸಬೇಕೆಂದು ಅವರು ಕೇಳಿಕೊಂಡಾಗ ನಾನು ವಿದ್ವತ್ತಿನ ಹೆಮ್ಮೆಯಿಂದ 'ಸೀವನ ಕಲಾಮಂದಿರ' ಎಂದು ಬರೆದುಕೊಟ್ಟೆನು. ಸೀವನವೆಂದರೆ ಹೊಲಿಗೆ, ಶಬ್ದದಲ್ಲಿ ದೋಷವೇನೂ ಇರಲಿಲ್ಲ. ಆದರೆ ಬಂದವರಲ್ಲಿ ಕೆಲವರು ಸೀರೆಯ ಬೆಲೆ ಕೇಳಿದರು. ಒಬ್ಬ ತಾಯಿಯಂತೂ ಮಗಳಿಗೆ ಭರತನಾಟ್ಯ ಕಲಿಸುವಿರಾ ಎಂದು ವಿಚಾರಿಸಿದರಂತೆ! ತಿಂಗಳು ಕಳೆದ ಮೇಲೆ ಅವರು ಬಾಗಿಲ ಪಕ್ಕದಲ್ಲಿ ಸ್ಲೇಟೊಂದನ್ನು ತೂಗುಹಾಕಿ, 'ಇಲ್ಲಿ ರವಿಕೆ, ಶಾಲಾ ಸಮವಸ್ತ್ರ ಹೊಲಿದುಕೊಡಲಾಗುವುದು. ಸೀರೆಗೆ ಫಾಲ್ಸ್, ಕುಚ್ಚು ಹಾಕಿಕೊಡಲಾಗುವುದು' ಎಂದು ಸೀಮೆಸುಣ್ಣದಲ್ಲಿ ಬರೆದರು. ಕೆಲಸ ಬರತೊಡಗಿದ್ದು ಆ ಸ್ಲೇಟಿನಿಂದ.

ಈಗ ಫಲಕಗಳ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ೨೦೨೪ರಲ್ಲಿ ಆದ ತಿದ್ದುಪಡಿಯು ನಾಮಫಲಕದ ಶೇಕಡಾ ೬೦ರಷ್ಟು ಭಾಗ ಕನ್ನಡದಲ್ಲಿರತಕ್ಕದ್ದೆಂದು ವಿಧಿಸಿದೆ. ಇದು ಸರ್ವಥಾ ಸ್ವಾಗತಾರ್ಹ. ಆದರೆ ಕಾನೂನಿನ ಅಳತೆಗೋಲಿಗೆ ಸಿಕ್ಕುವುದು ಫಲಕದ ಜಾಗವಷ್ಟೆ. ಹೆಬ್ಬಾಳದಿಂದ ಯಶವಂತಪುರದವರೆಗೆ ಹೊಸ ಫಲಕಗಳನ್ನು ಓದುತ್ತ ಹೋಗಿರಿ: 'ಎಂಟರ್‌ಪ್ರೈಸಸ್', 'ಸಲ್ಯೂಷನ್ಸ್' ಮುಂತಾದವು ಕನ್ನಡ ಲಿಪಿಯ ಅಂಗಿ ತೊಟ್ಟು ನಿಂತಿವೆ. ಒಳಗಿನವರು ಮಾರುವರೋ, ರಿಪೇರಿ ಮಾಡುವರೋ, ಬಾಡಿಗೆಗೆ ಕೊಡುವರೋ ತಿಳಿಯದು. ದೊಡ್ಡಬಳ್ಳಾಪುರದ ಕಡೆಯ ರೈತರೊಬ್ಬರು ಸುಟ್ಟುಹೋದ ಪಂಪಿನ ಮೋಟಾರನ್ನು ಆಟೋದಲ್ಲಿ ಹೇರಿಕೊಂಡು ಬಂದು, ಅಂಥದೊಂದು ಫಲಕವನ್ನು ಅಕ್ಷರ ಬಿಡದೆ ಓದಿ, ಬಳಿಕ ನನ್ನತ್ತ ತಿರುಗಿ, "ಮೋಟಾರ್ ವೈಂಡಿಂಗ್ ಮಾಡೋರು ಎಲ್ಲವ್ರೆ ಸ್ವಾಮಿ?" ಎಂದು ಕೇಳಿದರು. ಅವರು ನಿಂತಿದ್ದುದು ಆ ಕೆಲಸ ಮಾಡುವವರ ಬಾಗಿಲಲ್ಲಿಯೇ! ಓದುಬಲ್ಲವರ ಪಾಡೇ ಹೀಗಾದರೆ ಉಳಿದವರ ಗತಿಯೇನು?

ಹನ್ನೆರಡನೆಯ ಶತಮಾನದ ಶರಣರಿಗೆ ಈ ತೊಡಕಿರಲಿಲ್ಲ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ: ಕಾಯಕ ಮೊದಲು, ಹೆಸರು ಅನಂತರ. ನಮ್ಮ ಕಾಲದ ಒಲವು ಮುಚ್ಚಿ ಹೇಳುವುದರತ್ತ. ರವೀಂದ್ರನಾಥ ಟ್ಯಾಗೋರ್ ನಗರವನ್ನೇ ಆರ್.ಟಿ. ನಗರವೆಂದು ಮೊಟಕುಗೊಳಿಸಿ ಕವಿಯನ್ನು ಮರೆತವರು ನಾವು. ಅಂಗಡಿಗಳ ಮೇಲಿನ ಎರಡಕ್ಷರ, ಮೂರಕ್ಷರಗಳ ಮರ್ಮವನ್ನು ಬಲ್ಲವರು ಯಾರು?

ದೊಡ್ಡ ಕಂಪೆನಿಗಳು ಅರ್ಥವಿಲ್ಲದ ಹೆಸರನ್ನಿಟ್ಟುಕೊಂಡರೂ ಜಾಹೀರಾತಿನ ಬಲದಿಂದ ಅದಕ್ಕೆ ಅರ್ಥವನ್ನು ತುಂಬಿಸಿಕೊಳ್ಳಬಲ್ಲವು. ಸಣ್ಣ ಅಂಗಡಿಗೆ ಇರುವುದು ಅದೊಂದೇ ಫಲಕ. ಅದರಲ್ಲಿ ಮಾಡುವ ಕೆಲಸವನ್ನು ಗಿರಾಕಿಯ ಬಾಯಲ್ಲಿರುವ ಮಾತಿನಲ್ಲಿಯೇ ಹೇಳಬೇಕು. ಎಷ್ಟು ದಿನದಲ್ಲಿ ಮಾಡಿಕೊಡುವೆವೆಂಬುದನ್ನೂ ಸೇರಿಸಿದರೆ ಇನ್ನೂ ಲೇಸು. 'ಮೋಟಾರ್', 'ವೈಂಡಿಂಗ್' ಎಂಬ ಪದಗಳು ಪಂಡಿತರಿಗೆ ಒಗ್ಗದಿದ್ದರೂ ರೈತನಿಗೆ ಅವು ಕನ್ನಡವೇ. ಅವುಗಳಿಗೆ ಸಂಸ್ಕೃತದಿಂದ ಹೊಸ ಪದಗಳನ್ನು ಟಂಕಿಸಲು ಹೊರಡುವ ನನ್ನಂಥವರನ್ನು ಅಂಗಡಿಕಾರರು ದೂರವಿಡುವುದು ಕ್ಷೇಮ. ನಮ್ಮ ಶಾಲೆಯ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ವ್ಯಾಪಾರಸ್ಥರು ಬಹುಮಂದಿ ಇದ್ದಾರೆ. ಅವರು ಒಮ್ಮೆ ರಸ್ತೆಯ ಆಚೆ ಬದಿಯಲ್ಲಿ ನಿಂತು, ಅಪರಿಚಿತರಂತೆ ತಮ್ಮ ಫಲಕವನ್ನು ತಾವೇ ಓದಿಕೊಳ್ಳಬೇಕೆಂದು ನನ್ನ ವಿನಂತಿ.

ಯಲಹಂಕದ ಆ ಶಿಷ್ಯರು ಕಳೆದ ವರ್ಷ ಫಲಕವನ್ನು ಹೊಸದಾಗಿ ಬರೆಯಿಸುವಾಗ, ಜಾಗ ಸಾಲದೆಂದೂ ಯಾವ ಸಾಲನ್ನು ತೆಗೆಯಲೆಂದೂ ಸಂಕೋಚದಿಂದ ಕೇಳಿದರು. ನನ್ನದನ್ನು ತೆಗೆಯಿರಿ ಎಂದೆನು.