ಹಗ್ಗ ಹಿಡಿಯುವವರಿಲ್ಲದೆ ಯಾರೂ ಇಳಿಯಬಾರದು



2022ರ ಏಪ್ರಿಲ್ 17, ಭಾನುವಾರ. ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಕಾರ್ಮಿಕನೊಬ್ಬ ಪ್ರಜ್ಞೆ ತಪ್ಪಿ ಬಿದ್ದ. ಅವನನ್ನು ಎತ್ತಲು ಹೋದವರೂ ಕುಸಿದರು. ಐದು ಜೀವ ಹೋಯಿತು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು.

ಇಂಥ ತೊಟ್ಟಿಯಲ್ಲಿ ಮೀನು ಕೊಳೆತಾಗ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 100 ಪಾಲು ದಾಟಿತೆಂದರೆ ಮೂಗಿಗೆ ವಾಸನೆಯೇ ತಿಳಿಯದು. ನಾತ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡವನು ಮತ್ತೊಂದು ಮೆಟ್ಟಿಲು ಇಳಿಯುತ್ತಾನೆ. 700 ದಾಟಿದರೆ ಕೆಲವೇ ಉಸಿರಿಗೆ ನೆಲಕ್ಕುರುಳುತ್ತಾನೆ. ಬದುಕಿ ಬಂದವರನ್ನೂ ತಲೆನೋವು, ಮರೆವು ಬಹುಕಾಲ ಕಾಡಬಹುದು.

ವಿಷಾನಿಲದ ಅಪಾಯ ತೊಟ್ಟಿಯಲ್ಲಷ್ಟೇ ಅಲ್ಲ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಬಿಣಗಾದ ಕಾರ್ಖಾನೆಯಲ್ಲಿ 2025ರ ಜನವರಿಯಲ್ಲಿ ಕ್ಲೋರಿನ್ ಸೋರಿ ಕಾರ್ಮಿಕರು ಆಸ್ಪತ್ರೆ ಸೇರಿದರು. ಶ್ವಾಸಕೋಶದ ತೇವ ತಾಗಿದೊಡನೆ ಕ್ಲೋರಿನ್ ಆಮ್ಲವಾಗುತ್ತದೆ. ಕೆಮ್ಮು ನಿಂತಿತೆಂದು ಮನೆಗೆ ಹೋದವನ ಎದೆಯಲ್ಲಿ ಎಷ್ಟೋ ಗಂಟೆಗಳ ಮೇಲೆ ನೀರು ತುಂಬಬಹುದು. ಐಸ್ ಪ್ಲಾಂಟಿನ ಅಮೋನಿಯಾ ಸೋರಿದರೂ ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ.

ಇದನ್ನೆಲ್ಲ ಹಣೆಬರಹ ಎನ್ನಬೇಡಿ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲೇ ದಾರಿ ಬರೆದಿತ್ತು: ತೊಟ್ಟಿಯಲ್ಲಿ ವಿಷಾನಿಲವಿಲ್ಲವೆಂದು ಪರೀಕ್ಷಿಸಿ ಅರ್ಹರು ಲಿಖಿತ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣ, ಬೆಲ್ಟು, ಬೆಲ್ಟಿಗೆ ಹಗ್ಗ ಇರಬೇಕು, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಇಷ್ಟು ಮಾಡಲು ಯಾವ ಮಾಲೀಕನೂ ದಿವಾಳಿಯಾಗುವುದಿಲ್ಲ.

ಮೀನಿನಿಂದ ಬಂದ ಹಣದಲ್ಲಿ ಈ ಕರಾವಳಿಯ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ತೊಟ್ಟಿಗೆ ಇಳಿಯುವವನು ಹೊರರಾಜ್ಯದವನು, ಅವನ ಪರ ಕೇಳುವವರು ಊರಲ್ಲಿಲ್ಲ ಎಂದು ನಾವು ಬಾಯಿ ಮುಚ್ಚಿ ಕೂತರೆ ಅವನ ಸಾವಿನ ಪಾಪದಲ್ಲಿ ನಮಗೂ ಪಾಲಿದೆ.

ಮಾಲೀಕರೇ, ಅನಿಲ ಅಳೆಯುವ ಯಂತ್ರ ತನ್ನಿ, ಅಳೆಯದೆ ಯಾರನ್ನೂ ಇಳಿಸಬೇಡಿ. ಅಧಿಕಾರಿಗಳೇ, ಹೆಣ ಬಿದ್ದ ಮೇಲೆ ಬರಬೇಡಿ, ಮೊದಲೇ ಬನ್ನಿ. ಕಾರ್ಮಿಕ ಬಂಧುಗಳೇ, ಒಳಗೆ ಬಿದ್ದವನು ಒಡಹುಟ್ಟಿದವನೇ ಆದರೂ ಬರಿಗೈಯಲ್ಲಿ ಹಾರಬೇಡಿ. 112ಕ್ಕೆ ಕರೆ ಮಾಡಿ, ಉಸಿರಾಟದ ಉಪಕರಣವಿದ್ದವರನ್ನು ಕರೆಸಿ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಸೋರಿದರೆ ಗಾಳಿ ಬೀಸಿ ಬರುವ ಕಡೆಗೆ, ಎತ್ತರಕ್ಕೆ ಓಡಿ.

ಊರವರೇ, ನಿಮ್ಮ ಪಕ್ಕದ ಘಟಕಕ್ಕೆ ಹೋಗಿ ಈ ವಾರವೇ ಕೇಳಿ: ತೊಟ್ಟಿಗೆ ಇಳಿಯುವವನ ಹಗ್ಗ ಯಾರ ಕೈಯಲ್ಲಿದೆ? ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.