ಸಂಗೀತದ ಊರುಗಳಿಗೊಂದು ಬಸ್ ಬಿಡಿ



ಪುಣೆಯಿಂದ ಬಂದಿದ್ದ ನೆಂಟರೊಡನೆ ಮೊನ್ನೆ ಕುಂದಗೋಳಕ್ಕೆ ಹೋಗಿದ್ದೆವು. 1886ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅವರ ಬಳಿ ಪಾಠಕ್ಕೆ ಬರುತ್ತಿದ್ದುದು, ಭೀಮಸೇನ ಜೋಶಿಯವರು ಗುರುಗಳ ಮನೆಗೆ ನೀರು ಹೊತ್ತು ಕಲಿತದ್ದು ಇಲ್ಲೇ. ಆದರೆ ಅವರ ಸಂಗೀತದ ನಂಟಿರುವ ನಾಡಿಗೇರ ವಾಡೆಗೆ ದಾರಿ ತೋರುವ ಫಲಕವೊಂದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಚಹಾದಂಗಡಿಯವರು ಗಿರಾಕಿಗಳನ್ನು ಬಿಟ್ಟು ಎದ್ದುಬಂದು ತೋರಿಸಿದರು, ಪುಣ್ಯಾತ್ಮರು!

ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’, ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಮನೆ ‘ಗಂಗಾಲಹರಿ’, ಕುಂದಗೋಳ, ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು. ಜೋಗಕ್ಕೆ ವಿಶೇಷ ಬಸ್ ಬಿಡುವ ಸಾರಿಗೆ ಸಂಸ್ಥೆಯವರು ಭಾನುವಾರಕ್ಕೊಮ್ಮೆ ಈ ದಾರಿಯಲ್ಲೂ ಒಂದು ಬಸ್ ಓಡಿಸಲಿ. ಅದಕ್ಕೂ ಮೊದಲು ಪ್ರವಾಸೋದ್ಯಮ ಇಲಾಖೆ ಕುಂದಗೋಳ ನಿಲ್ದಾಣದಿಂದ ವಾಡೆಯವರೆಗೆ ನಾಲ್ಕು ಫಲಕ ನೆಡಿಸಲೆಂದು ವಿನಂತಿ.

– ಒಬ್ಬ ಓದುಗ, ಹುಬ್ಬಳ್ಳಿ